ಎವೋಕ್, ಲ್ಯಾಂಡ್‌ವಿಂಡ್ ಮತ್ತು ನಮ್ಮೂರ ಶುಂಠಿ ಯಂತ್ರ: ಡಿಸೈನ್ ಕದ್ದರೆ ಕಾನೂನು ಏನು ಹೇಳುತ್ತೆ?

ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟ ಒಂದು ಫೋಟೊ ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತು ಹಾಕುತ್ತದೆ. ಒಂದು ರೇಂಜ್ ರೋವರ್ ಎವೋಕ್, ಇನ್ನೊಂದು ಚೀನಾದ ಲ್ಯಾಂಡ್‌ವಿಂಡ್ ಎಕ್ಸ್7. ಈ ಸಲ ಅದನ್ನು ಕಳಿಸಿದ್ದು ಸೊರಬದಲ್ಲಿರುವ ನನ್ನ ಚಿಕ್ಕಮ್ಮನ ಮಗ. ಕೆಳಗೆ ಬರೆದಿದ್ದ: "ಅಣ್ಣ, ನಮ್ಮ ಟಾಟಾದವ್ರ ಕಾರನ್ನ ಚೀನಾದವ್ರು ಹೆಂಗೆ ಕದ್ದಿದಾರೆ ನೋಡು. ಕೋರ್ಟು ಕಚೇರಿ ಏನೂ ಇಲ್ವಾ ಇದಕ್ಕೆ?"

ಇದೆ. ವರ್ಷಗಟ್ಟಲೆ ನಡೆದಿದೆ, ಕೊನೆಗೆ ಚೀನಾದ ಕೋರ್ಟೇ ಚೀನಾ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿದೆ. ಆದರೆ ಆ ಕಥೆ ಫೋಟೊದಷ್ಟು ಸರಳ ಇಲ್ಲ. ಕಳಕೊಂಡವರು ತಮ್ಮದೇ ಒಂದು ತಪ್ಪಿನಿಂದ ಅರ್ಧ ಕೇಸು ಕಳಕೊಂಡರು. ಹೆಚ್ಚುಕಮ್ಮಿ ಅದೇ ತಪ್ಪನ್ನು ಶಿಕಾರಿಪುರದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ನನ್ನ ಸೋದರಮಾವ ಒಂದು ಶುಂಠಿ ತೊಳೆಯುವ ಯಂತ್ರದ ವಿಷಯದಲ್ಲಿ ಮಾಡಿದ್ದರು. ಆಗ ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ, ಆ ಯಂತ್ರದ ಡ್ರಾಯಿಂಗ್ ಹಾಕಿಕೊಟ್ಟವನೇ ನಾನು. ನಾಲ್ಕು ವರ್ಷದ ಕೋರ್ಸಿನಲ್ಲಿ ಡಿಸೈನ್ಸ್ ಆಕ್ಟ್ ಅಂತ ಒಂದು ಕಾನೂನು ಇದೆ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ತಮ್ಮನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತಿದ್ದೇನೆ.

ಎವೋಕ್ ಮತ್ತು ಎಕ್ಸ್7: ನಡೆದದ್ದೇನು

2008ರ ಜನವರಿಯಲ್ಲಿ ಡೆಟ್ರಾಯ್ಟ್ ಮೋಟಾರ್ ಶೋನಲ್ಲಿ ಲ್ಯಾಂಡ್ ರೋವರ್ ಕಂಪನಿ ಎಲ್‌ಆರ್‌ಎಕ್ಸ್ ಎಂಬ ಕಾನ್ಸೆಪ್ಟ್ ಕಾರು ತೋರಿಸಿತು. ಆಗ ಕಂಪನಿ ಅಮೆರಿಕದ ಫೋರ್ಡ್ ಕೈಯಲ್ಲಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಲ್ಯಾಂಡ್ ರೋವರನ್ನು 230 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿ, ಜೂನ್‌ನಲ್ಲಿ ವ್ಯವಹಾರ ಮುಗಿಸಿತು. ಕಾನ್ಸೆಪ್ಟ್ ಕಾರು ಎವೋಕ್ ಎಂಬ ಹೆಸರಿನಲ್ಲಿ 2011ರಲ್ಲಿ ಮಾರುಕಟ್ಟೆಗೆ ಬಂತು. ಹಾಗಾಗಿ "ನಮ್ಮ ಟಾಟಾದವ್ರ ಕಾರು" ಅನ್ನೋದು ಅರ್ಧ ಸತ್ಯ. ಗೆರೆ ಎಳೆದದ್ದು ಬ್ರಿಟನ್ನಿನಲ್ಲಿ, ಎಳೆಯುವಾಗ ಸಂಬಳ ಕೊಟ್ಟದ್ದು ಫೋರ್ಡ್, ಹಣ್ಣು ತಿಂದದ್ದು ಟಾಟಾ. ಮೂತಿಯ ಕಡೆಯಿಂದ ಹಿಂದಕ್ಕೆ ಇಳಿಯುತ್ತ ಹೋಗುವ ಚಾವಣಿ, ಹಿಂದೆ ಹೋದಂತೆ ಕಿರಿದಾಗುವ ಕಿಟಕಿ, ಬಾಗಿಲ ಮೇಲೆ ಏರುವ ಗೆರೆ ಇವೇ ಆ ಕಾರಿನ ಗುರುತು. ಎಸ್‌ಯುವಿ ಅಂದರೆ ಡಬ್ಬಾ ಅಂದುಕೊಂಡಿದ್ದ ಕಾಲದಲ್ಲಿ ಅದು ಹೊಸ ಆಕಾರವಾಗಿತ್ತು.

2014ರ ಅಕ್ಟೋಬರ್‌ನಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಚೀನಾದ ಚಾಂಗ್‌ಶುವಿನಲ್ಲಿ ಚೆರಿ ಕಂಪನಿ ಜೊತೆ ಸೇರಿ ಫ್ಯಾಕ್ಟರಿ ಶುರು ಮಾಡಿತು. ಅಲ್ಲಿ ಮೊದಲು ತಯಾರಾಗಬೇಕಿದ್ದ ಕಾರೇ ಎವೋಕ್. ಮುಂದಿನ ತಿಂಗಳು, ನವೆಂಬರ್‌ನಲ್ಲಿ, ಗ್ವಾಂಗ್‌ಝೌ ಆಟೋ ಶೋನಲ್ಲಿ ಲ್ಯಾಂಡ್‌ವಿಂಡ್ ಎಕ್ಸ್7 ಪ್ರತ್ಯಕ್ಷವಾಯಿತು. ಲ್ಯಾಂಡ್‌ವಿಂಡ್ ಅನ್ನೋದು ನಾನ್‌ಚಾಂಗ್‌ನ ಜಿಯಾಂಗ್‌ಲಿಂಗ್ ಸಮೂಹ ಮತ್ತು ಚಾಂಗಾನ್ ಕಂಪನಿ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಬ್ರ್ಯಾಂಡು. 2015ರ ಆಗಸ್ಟ್‌ನಲ್ಲಿ ಮಾರಾಟ ಶುರುವಾದಾಗ ಅದರ ಬೆಲೆ ಸುಮಾರು 1.3 ಲಕ್ಷ ಯುವಾನಿನಿಂದ, ಅಂದರೆ ಎವೋಕ್ ಬೆಲೆಯ ಮೂರನೇ ಒಂದು ಭಾಗದ ಆಸುಪಾಸು.

ಇಲ್ಲಿ ಒಂದು ತಮಾಷೆ ಇದೆ. ಕಾರಿನ ಮೇಲೆ 'ಲ್ಯಾಂಡ್‌ವಿಂಡ್' ಅಂತ ಬರೆದ ಅಕ್ಷರ ಕಿತ್ತು 'ಲ್ಯಾಂಡ್ ರೋವರ್' ಅಂತ ಅಂಟಿಸಿಕೊಳ್ಳುವ ಕಿಟ್‌ಗಳು ಚೀನಾದಲ್ಲಿ ಮಾರಾಟಕ್ಕೆ ಬಂದವು. ಕೊಂಡವನಿಗೆ ಯಾವ ಗೊಂದಲವೂ ಇರಲಿಲ್ಲ, ತಾನು ಏನು ಕೊಂಡೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನಿಗೆ ಬೇಕಿದ್ದದ್ದು ಬೀಗರಿಗೆ ಗೊಂದಲ ಆಗಬೇಕು ಅನ್ನೋದು. ಡಿಸೈನ್ ಕಾನೂನಿನ ಕಷ್ಟದ ಪ್ರಶ್ನೆಯೂ ಇದೇ: ಮೋಸ ಹೋಗುವವರು ಯಾರು, ಅಂಗಡಿಯಲ್ಲಿ ನಿಂತವನಾ, ರಸ್ತೆಯಲ್ಲಿ ನೋಡಿದವನಾ?

ಪ್ರದರ್ಶನಕ್ಕೆ ಇಟ್ಟು ಕಳಕೊಂಡದ್ದು

ಚೀನಾದಲ್ಲಿ ಆಕಾರದ ಹಕ್ಕನ್ನೂ ಪೇಟೆಂಟ್ ಕಾನೂನಿನಲ್ಲೇ ಸೇರಿಸಿದ್ದಾರೆ, ಅದನ್ನು ಡಿಸೈನ್ ಪೇಟೆಂಟ್ ಅಂತಾರೆ. ಜಾಗ್ವಾರ್ ಲ್ಯಾಂಡ್ ರೋವರ್ ಬಳಿ ಎವೋಕ್‌ಗೆ ಅಂಥ ಪೇಟೆಂಟ್ ಇತ್ತು. ಆದರೆ ಅರ್ಜಿ ಹಾಕಿದ್ದು 2011ರ ನವೆಂಬರ್‌ನಲ್ಲಿ. ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, 2010ರ ಡಿಸೆಂಬರ್‌ನಲ್ಲಿ, ಅದೇ ಗ್ವಾಂಗ್‌ಝೌ ಶೋನಲ್ಲಿ ಕಾರನ್ನು ಜನರ ಮುಂದೆ ನಿಲ್ಲಿಸಿದ್ದರು. ಡಿಸೈನ್ ಹಕ್ಕಿನ ಮೊದಲ ಷರತ್ತು ಹೊಸತನ. ಅರ್ಜಿ ಹಾಕುವ ದಿನಕ್ಕೆ ಜಗತ್ತು ಅದನ್ನು ನೋಡಿರಬಾರದು. ನೋಡಿಬಿಟ್ಟಿದ್ದರೆ, ತೋರಿಸಿದ್ದು ನೀವೇ ಆದರೂ, ಅದು ಹೊಸದಲ್ಲ.

ಇತ್ತ ಲ್ಯಾಂಡ್‌ವಿಂಡ್‌ನವರು ಇನ್ನೂ ಬುದ್ಧಿವಂತರು. 2013ರ ನವೆಂಬರ್‌ನಲ್ಲಿ ತಮ್ಮ ಎಕ್ಸ್7 ಆಕಾರಕ್ಕೆ ತಾವೇ ಡಿಸೈನ್ ಪೇಟೆಂಟ್ ಅರ್ಜಿ ಹಾಕಿ ಪಡೆದೂ ಇದ್ದರು! ಎರಡೂ ಕಡೆಯವರು ಪರಸ್ಪರರ ಪೇಟೆಂಟ್ ರದ್ದಾಗಬೇಕು ಎಂದು ಹೋದರು. 2016ರಲ್ಲಿ ಚೀನಾದ ಪೇಟೆಂಟ್ ಮರುಪರಿಶೀಲನಾ ಮಂಡಳಿ ಎರಡನ್ನೂ ರದ್ದು ಮಾಡಿತು. ಎವೋಕ್‌ನದ್ದು ಯಾಕೆ? ಮೊದಲೇ ತೋರಿಸಿದ್ದಕ್ಕೆ. ಎಕ್ಸ್7ನದ್ದು ಯಾಕೆ? ಎವೋಕ್‌ಗಿಂತ ಗಮನಿಸುವಷ್ಟು ಬೇರೆ ಇಲ್ಲದ್ದಕ್ಕೆ. ಅಂದರೆ "ಇದು ಅದರ ಹಾಗೇ ಇದೆ" ಅಂತ ಸರ್ಕಾರಿ ಮಂಡಳಿ ಬರೆದುಕೊಟ್ಟಿತು, ಆದರೆ ಆ 'ಅದು' ಯಾರ ಸೊತ್ತೂ ಅಲ್ಲ ಅಂತಲೂ ಹೇಳಿದ ಹಾಗಾಯಿತು. ಎಕ್ಸ್7 ಪೇಟೆಂಟ್ ರದ್ದಾದದ್ದನ್ನು 2018ರಲ್ಲಿ ಬೀಜಿಂಗ್ ಹೈಕೋರ್ಟ್ ಕೂಡ ಎತ್ತಿಹಿಡಿಯಿತು.

ಪೇಟೆಂಟ್ ಬಾಗಿಲು ಮುಚ್ಚಿದ ಮೇಲೆ ಜಾಗ್ವಾರ್ ಲ್ಯಾಂಡ್ ರೋವರ್ ಬೇರೆ ಬಾಗಿಲು ತಟ್ಟಿತು. 2016ರಲ್ಲೇ ಬೀಜಿಂಗಿನ ಚಾವೊಯಾಂಗ್ ಜಿಲ್ಲಾ ಕೋರ್ಟಿನಲ್ಲಿ ಕಾಪಿರೈಟ್ ಮತ್ತು ಅನುಚಿತ ಸ್ಪರ್ಧೆಯ ದಾವೆ ಹೂಡಿತು. ಅನುಚಿತ ಸ್ಪರ್ಧೆಯ ಕಾನೂನು ಕೇಳುವ ಪ್ರಶ್ನೆಯೇ ಬೇರೆ. ಆಕಾರ ಯಾರ ಸೊತ್ತು ಅಂತ ಅದು ಕೇಳುವುದಿಲ್ಲ. ಒಬ್ಬರು ಗಳಿಸಿದ ಹೆಸರಿನ ಮೇಲೆ ಇನ್ನೊಬ್ಬರು ಸವಾರಿ ಮಾಡಿ ಗ್ರಾಹಕರಿಗೆ ಗೊಂದಲ ತಂದರಾ ಅಂತ ಕೇಳುತ್ತದೆ. 2019ರ ಮಾರ್ಚ್‌ನಲ್ಲಿ ತೀರ್ಪು ಬಂತು. ಎವೋಕ್‌ನ ಐದು ವಿಶಿಷ್ಟ ಲಕ್ಷಣಗಳನ್ನು ಎಕ್ಸ್7 ನೇರವಾಗಿ ನಕಲು ಮಾಡಿದೆ, ಇದರಿಂದ ಗ್ರಾಹಕರಲ್ಲಿ ವ್ಯಾಪಕ ಗೊಂದಲ ಆಗಿದೆ, ಆದ್ದರಿಂದ ತಯಾರಿಕೆ, ಮಾರಾಟ, ಪ್ರಚಾರ ನಿಲ್ಲಿಸಬೇಕು, ಪರಿಹಾರವನ್ನೂ ಕೊಡಬೇಕು ಎಂದು ಕೋರ್ಟ್ ಹೇಳಿತು. ವಿದೇಶಿ ಕಾರು ಕಂಪನಿಗೆ ಚೀನಾದಲ್ಲಿ ಸಿಕ್ಕ ದೊಡ್ಡ ಗೆಲುವು ಅಂತ ಪತ್ರಿಕೆಗಳು ಬರೆದವು. ಗೆಲುವು ಹೌದು. ಆದರೆ ಕಾರು ಮಾರಾಟಕ್ಕೆ ಬಂದು ಆಗಲೇ ಮೂರೂವರೆ ವರ್ಷ ಆಗಿತ್ತು, ಮೊದಲ ತಲೆಮಾರಿನ ಎವೋಕ್ ಹೋಗಿ ಎರಡನೆಯದು ಬಂದಾಗಿತ್ತು.

ಇದಕ್ಕೆ ಹಿಂದಿನ ದಾಖಲೆ ನೋಡಿದರೆ ಈ ತೀರ್ಪಿನ ತೂಕ ಗೊತ್ತಾಗುತ್ತದೆ. ಗ್ರೇಟ್ ವಾಲ್ ಕಂಪನಿಯ ಪೆರಿ ಕಾರು ಫಿಯಟ್ ಪಾಂಡಾದ ನಕಲು ಅಂತ 2008ರಲ್ಲಿ ಇಟಲಿಯ ಟುರಿನ್ ಕೋರ್ಟ್ ಹೇಳಿತು, ಚೀನಾದ ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷ ಮ್ಯೂನಿಕ್ ಕೋರ್ಟ್ ಬಿಎಂಡಬ್ಲ್ಯು ಎಕ್ಸ್5 ಹೋಲುವ ಶುವಾಂಗ್‌ಹುವಾನ್ ಎಸ್‌ಯುವಿಯನ್ನು ಜರ್ಮನಿಯಲ್ಲಿ ಮಾರದಂತೆ ತಡೆಯಿತು. ಚೆರಿಯ ಕ್ಯೂಕ್ಯೂ ಕಾರು ನಮ್ಮಲ್ಲೂ ಓಡಾಡುತ್ತಿದ್ದ ಡೇವೂ ಮಾಟಿಜ್‌ನ ಪಡಿಯಚ್ಚು ಎಂದು ಜನರಲ್ ಮೋಟಾರ್ಸ್ ಹಾಕಿದ್ದ ಕೇಸು 2005ರಲ್ಲಿ ರಾಜಿಯಾಯಿತು. ಇವೆಲ್ಲಕ್ಕಿಂತ ವಿಚಿತ್ರ ಹೋಂಡಾದ್ದು. ತನ್ನ ಸಿಆರ್-ವಿ ಆಕಾರ ಕದ್ದಿದ್ದಾರೆ ಅಂತ ಶುವಾಂಗ್‌ಹುವಾನ್ ಮೇಲೆ 2003ರಲ್ಲಿ ಜಗಳ ಶುರು ಮಾಡಿದ ಹೋಂಡಾ, 2015ರ ಡಿಸೆಂಬರ್‌ನಲ್ಲಿ ಚೀನಾದ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಸೋತದ್ದಷ್ಟೇ ಅಲ್ಲ, ಡೀಲರುಗಳಿಗೆ ಎಚ್ಚರಿಕೆ ಪತ್ರ ಕಳಿಸಿ ಎದುರಾಳಿಯ ವ್ಯಾಪಾರ ಹಾಳು ಮಾಡಿದ್ದಕ್ಕೆ 1.6 ಕೋಟಿ ಯುವಾನ್ ದಂಡವಾಗಿ ತಾನೇ ಕೊಡಬೇಕಾಯಿತು. ಎಸ್‌ಯುವಿ ಅಂದಮೇಲೆ ಒಟ್ಟು ಚೌಕಟ್ಟು ಎಲ್ಲರದ್ದೂ ಒಂದೇ ಥರ ಇರುತ್ತೆ, ಕೊಳ್ಳುವವರ ಕಣ್ಣು ದೀಪ, ಗ್ರಿಲ್, ಬಂಪರಿನ ವ್ಯತ್ಯಾಸದ ಮೇಲೆ ಹೋಗುತ್ತೆ ಅನ್ನೋ ಧಾಟಿಯ ವಾದ ಅಲ್ಲಿ ಗೆದ್ದಿತು. ಮೆಕ್ಯಾನಿಕಲ್ ಓದಿದವನಾಗಿ ನನಗೆ ಈ ವಾದ ಪೂರ್ತಿ ತಳ್ಳಿಹಾಕುವಂಥದ್ದು ಅಂತ ಅನಿಸುವುದಿಲ್ಲ. ನಾಲ್ಕು ಚಕ್ರ, ಐದು ಸೀಟು, ಗಾಳಿಯ ತಡೆ, ಅಪಘಾತದ ನಿಯಮ ಇಷ್ಟರೊಳಗೆ ಎಷ್ಟು ಅಂತ ಹೊಸ ಗೆರೆ ಎಳೀತೀರಿ?

ಕಳ್ಳ ಯಾರು ಅನ್ನೋದು ನಿಂತ ಜಾಗದ ಮೇಲೆ

ಈಗ ತಮ್ಮನಿಗೆ ಇಷ್ಟವಾಗದ ಭಾಗ. ಇದೇ ಆರೋಪ ನಮ್ಮ ಮೇಲೂ ಬಂದಿದೆ, ಮತ್ತು ಒಂದು ಸುತ್ತು ನಾವು ಸೋತಿದ್ದೇವೆ.

ಮಲೆನಾಡಿನ ಅಂಚಿನ ಊರುಗಳಲ್ಲಿ ಜೀಪಿನ ವರ್ಣನೆ ಯಾರಿಗೂ ಬೇಡ. ಚಂದ್ರಗುತ್ತಿ ಕಡೆ ಹೋಗುವ ರಸ್ತೆಯಲ್ಲಿ ಇವತ್ತಿಗೂ ಅಡಿಕೆ ಮೂಟೆ, ಹಾಲಿನ ಕ್ಯಾನು, ಹತ್ತು ಜನ ಎಲ್ಲಾ ಹೇರಿಕೊಂಡು ಹೋಗುವ ಮಹೀಂದ್ರಾ ಜೀಪು ಸಿಗುತ್ತವೆ. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯ ಲೈಸೆನ್ಸ್ ಪಡೆದು ಇಲ್ಲಿ ಜೀಪು ಜೋಡಿಸಲು ಶುರು ಮಾಡಿತು. 2018ರಲ್ಲಿ ಅದೇ ಆಕಾರದ ರಾಕ್ಸರ್ ಎಂಬ ಗಾಡಿಯನ್ನು, ರಸ್ತೆಗಲ್ಲ, ಹೊಲ ಕಾಡಿನಲ್ಲಿ ಓಡಿಸೋಕೆ ಅಂತ ಅಮೆರಿಕದಲ್ಲಿ ಬಿಟ್ಟಿತು. ಆಗ ಜೀಪ್ ಬ್ರ್ಯಾಂಡಿನ ಒಡೆತನ ಇದ್ದ ಫಿಯಟ್ ಕ್ರೈಸ್ಲರ್ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ದೂರಿನಲ್ಲಿ ಹೇಳಿದ ಲಕ್ಷಣಗಳನ್ನು ಓದಿದರೆ ನಗು ಬರುತ್ತೆ, ಯಾಕೆಂದರೆ ಅವೆಲ್ಲ ನಮ್ಮೂರ ಜೀಪಿನ ಬೈಗುಳಗಳೇ: ಚಪ್ಪಟೆ ಪಕ್ಕೆಯ ಡಬ್ಬಾ ಬಾಡಿ, ಮುಂದಕ್ಕೆ ಹೋದಂತೆ ಕಿರಿದಾಗುವ ಚಪ್ಪಟೆ ಬಾನೆಟ್, ಬಾನೆಟ್ಟಿನ ಹೊರಗೇ ಕಾಣುವ ಕೊಕ್ಕೆ, ಉದ್ದುದ್ದ ಸೀಳಿನ ಗ್ರಿಲ್ಲು ಮತ್ತು ದುಂಡು ದೀಪ, ಮೂಲೆ ಕತ್ತರಿಸಿದ ಚಕ್ರದ ಕಮಾನು, ಅರ್ಧ ತೆರೆದ ಬಾಗಿಲು.

ಲೈಸೆನ್ಸ್ ಇತ್ತು, ಗ್ರಿಲ್ ಬಗ್ಗೆ 2009ರಲ್ಲಿ ಕ್ರೈಸ್ಲರ್ ಜೊತೆ ಒಪ್ಪಂದವೂ ಆಗಿದೆ ಅನ್ನೋದು ಮಹೀಂದ್ರಾ ವಾದ. 2020ರ ಜೂನ್‌ನಲ್ಲಿ ಆಯೋಗ ಮಹೀಂದ್ರಾ ವಿರುದ್ಧ ತೀರ್ಪು ಕೊಟ್ಟು ರಾಕ್ಸರ್ ಆಮದು ತಡೆಯಿತು. ಮಹೀಂದ್ರಾ ಮೂತಿ ಬದಲಿಸಿತು. ಬದಲಾದ ಗಾಡಿಗೆ ಅದೇ ಆಯೋಗ ಅದೇ ವರ್ಷ ಡಿಸೆಂಬರ್‌ನಲ್ಲಿ ಪರವಾನಗಿ ಕೊಟ್ಟಿತು. ಒಮ್ಮೆ ತಪ್ಪು ಮಾಡಿದವರು ಸ್ವಲ್ಪ ದೂರವೇ ನಿಲ್ಲಬೇಕು ಅನ್ನೋ ಇನ್ನೊಂದು ತತ್ವದ ಮೇಲೆ ಕೇಸು 2023ರವರೆಗೂ ಎಳೆಯಿತು. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ಥಾರ್ ಮೇಲೂ ಜಗಳ ಬಂದು, ಅಲ್ಲಿ ಬಿಡುಗಡೆ ಮಾಡುವ ಮೊದಲು ಮುನ್ಸೂಚನೆ ಕೊಡುತ್ತೇವೆ ಎಂದು ಮಹೀಂದ್ರಾ ಒಪ್ಪಿಕೊಂಡಿತು.

ಹಾಗಾದರೆ ಜೀಪಿನ ಆಕಾರ ಅಸಲಿಗೆ ಯಾರದ್ದು? 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಗೆರೆ ಎಳೆದದ್ದು ಕಾರ್ಲ್ ಪ್ರಾಬ್‌ಸ್ಟ್ ಎಂಬ ಇಂಜಿನಿಯರ್. ಯುದ್ಧಕ್ಕೆ ಬೇಕಾದಷ್ಟು ಗಾಡಿ ಮಾಡೋ ಶಕ್ತಿ ಬ್ಯಾಂಟಮ್‌ಗೆ ಇಲ್ಲ ಅಂತ ಸೈನ್ಯವೇ ಅದರ ಡ್ರಾಯಿಂಗನ್ನು ವಿಲ್ಲಿಸ್ ಮತ್ತು ಫೋರ್ಡ್ ಕೈಗೆ ಕೊಟ್ಟಿತು. ಇವತ್ತು ಜೀಪಿನ ಟ್ರೇಡ್‌ಮಾರ್ಕ್ ಅಂತ ಎದೆ ತಟ್ಟಿಕೊಳ್ಳುವ ಸೀಳು ಗ್ರಿಲ್ ಬಂದದ್ದು ಫೋರ್ಡ್‌ನಿಂದ. ಜೀಪನ್ನು ಸೃಷ್ಟಿಸಿದ್ದು ತಾವೇ ಅಂತ ವಿಲ್ಲಿಸ್ ಜಾಹೀರಾತು ಕೊಟ್ಟಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ಹಾಗೆ ಹೇಳಿಕೊಳ್ಳಬಾರದು ಅಂತ ಆದೇಶ ಮಾಡಿತು. ಬ್ಯಾಂಟಮ್‌ಗೆ ಸಿಕ್ಕಿದ್ದು ಸೈನ್ಯಕ್ಕೆ ಟ್ರೇಲರ್ ಮಾಡೋ ಕೆಲಸ. ಎಂಬತ್ತು ವರ್ಷದ ಮೇಲೆ ಆ ಆಕಾರದ ಹಕ್ಕು ಎಷ್ಟೋ ಕೈ ದಾಟಿ ಬಂದ ಒಂದು ಬಹುರಾಷ್ಟ್ರೀಯ ಕಂಪನಿಯ ಬಳಿ ಇತ್ತು, ಆ ಕಂಪನಿ ನಮ್ಮವರನ್ನು ನಕಲಿಗಾರರು ಎಂದಿತು.

ಒಪ್ಪಂದ ಇದ್ದರೆ ಇದೇ ನಕಲು ಮರ್ಯಾದಸ್ಥ ವ್ಯಾಪಾರ ಆಗುತ್ತದೆ. ಬಿಡದಿಯ ಟೊಯೋಟಾ ಫ್ಯಾಕ್ಟರಿಯಲ್ಲಿ ಅರ್ಬನ್ ಕ್ರೂಸರ್ ಹೈರೈಡರ್ ತಯಾರಾಗುತ್ತೆ. ಅಲ್ಲೇ ಮಾರುತಿ ಗ್ರ್ಯಾಂಡ್ ವಿಟಾರಾ ಕೂಡ ತಯಾರಾಗಿ ಬಂದಿದೆ. ಮೂತಿ, ದೀಪ, ಬ್ಯಾಡ್ಜ್ ಬಿಟ್ಟರೆ ಒಂದೇ ಗಾಡಿ. ಇನ್ನೋವಾ ಹೈಕ್ರಾಸ್ ಮತ್ತು ಮಾರುತಿ ಇನ್ವಿಕ್ಟೊ ಕೂಡ ಹಾಗೇ. ಶೋರೂಮಿನಲ್ಲಿ ಯಾರೂ ಅದನ್ನು ಕಳ್ಳತನ ಅನ್ನಲ್ಲ.

ನಮ್ಮ ಕಾನೂನು, ನಮ್ಮ ಮಾವ

ಶಿಕಾರಿಪುರ, ಸೊರಬ ಅಂದರೆ ಭತ್ತ, ಮೆಕ್ಕೆಜೋಳ, ಅಡಿಕೆ, ಜೊತೆಗೆ ಶುಂಠಿ. ಕಿತ್ತ ಶುಂಠಿಯ ಸಂದಿಯಲ್ಲಿ ಕೂತ ಮಣ್ಣು ತೊಳೆಯೋದು ದೊಡ್ಡ ಕೆಲಸ. ಮಾವ ಮಾಡಿದ್ದು ತೂತಿನ ತಗಡಿನ ಡ್ರಮ್ಮು, ಒಳಗೆ ನೀರು ಚಿಮ್ಮುವ ಪೈಪು, ತಿರುಗಿಸೋಕೆ ಮೋಟಾರು. ಮೇಲೆ ಕಮಾನು ಗಾಡಿಯ ಹಾಗೆ ಬಾಗಿಸಿದ ಮುಚ್ಚಳ, ಅದರ ಮೇಲೆ ಮೂರು ಏಣು. ಆ ಮುಚ್ಚಳದ ಬಾಗು ನೀರು ಹೊರಗೆ ಸಿಡಿಯದ ಹಾಗೆ ತಡೆಯುತ್ತೆ ಅಂತ ಮಾವ ಹೇಳಿದರೂ, ನಿಜ ಹೇಳಬೇಕಂದರೆ ಮೂರು ಏಣು ಇಟ್ಟದ್ದು ಚಂದಕ್ಕೆ. ಅದನ್ನು ಒಂದು ಕೃಷಿ ಮೇಳದಲ್ಲಿ ಎರಡು ದಿನ ಇಟ್ಟರು. ತುಂಬಾ ಜನ ಫೋಟೊ ಹೊಡೆದುಕೊಂಡರು, ಮಾವ ಖುಷಿಯಿಂದ ಪಕ್ಕದಲ್ಲಿ ನಿಂತು ಪೋಸ್ ಕೊಟ್ಟರು. ಮುಂದಿನ ಸುಗ್ಗಿಗೆ ಇನ್ನೊಂದು ಊರಿನ, ನಮಗಿಂತ ದೊಡ್ಡ ವರ್ಕ್‌ಶಾಪಿನವರು ಅದೇ ಯಂತ್ರವನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಅದೇ ಹಸಿರು ಬಣ್ಣ, ಅದೇ ಮೂರು ಏಣು. ನಮ್ಮ ಮೊದಲ ಯಂತ್ರದ ಕಾಲಿನಲ್ಲಿ ಡ್ರಿಲ್ ಜಾರಿ ಬೇಡದ ಜಾಗದಲ್ಲಿ ಒಂದು ತೂತು ಬಿದ್ದಿತ್ತು. ಅವರ ಯಂತ್ರದ ಕಾಲಿನಲ್ಲೂ ಆ ತೂತು ಇತ್ತು.

"ಕೇಸ್ ಹಾಕೋಣ ಕಣಪ್ಪ, ನೀನು ಓದಿದೋನು, ವಿಚಾರಿಸು" ಅಂದರು ಮಾವ. ವಿಚಾರಿಸಿದೆ.

ಭಾರತದಲ್ಲಿ ಆಕಾರದ ಹಕ್ಕು ಕೊಡೋದು 2000ದ ಡಿಸೈನ್ಸ್ ಆಕ್ಟ್. ಕೊಲ್ಕತ್ತಾದಲ್ಲಿರುವ ಪೇಟೆಂಟ್ ಕಚೇರಿಯ ಡಿಸೈನ್ ವಿಭಾಗದಲ್ಲಿ ನೋಂದಣಿ ಆಗಬೇಕು. ಹತ್ತು ವರ್ಷ ಹಕ್ಕು, ಇನ್ನೈದು ವರ್ಷ ವಿಸ್ತರಿಸಬಹುದು. ಕಾನೂನು ಕಾಪಾಡುವುದು ಕಣ್ಣಿಗೆ ಕಾಣುವ ರೂಪವನ್ನು ಮಾತ್ರ: ಆಕಾರ, ವಿನ್ಯಾಸ, ಅಲಂಕಾರ, ಬಣ್ಣಗಳ ಜೋಡಣೆ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋದು ಇದರಲ್ಲಿ ಬರಲ್ಲ, ಅದಕ್ಕೆ ಪೇಟೆಂಟ್ ಬೇಕು. ಮಾವ ಹೆಮ್ಮೆಪಡುತ್ತಿದ್ದ ಡ್ರಮ್ಮು, ಪೈಪು ಎರಡಕ್ಕೂ ಇಲ್ಲಿ ಬೆಲೆ ಇಲ್ಲ. ಚಂದಕ್ಕೆ ಇಟ್ಟ ಮೂರು ಏಣಿಗೆ ಇದೆ. ಪೇಟೆಂಟ್ ಕೇಳೋಣ ಅಂದರೆ ತಿರುಗುವ ಡ್ರಮ್ಮಿನ ಉಪಾಯ ಹೊಸದೇನೂ ಅಲ್ಲ. ಮಾವನೇ ಹಾನಗಲ್ ಕಡೆ ಒಂದು ಯಂತ್ರ ನೋಡಿಬಂದು ಇದನ್ನು ಶುರು ಮಾಡಿದ್ದು. ಅದನ್ನು ನನಗೆ ಹೇಳಿದ್ದು ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ.

ಇನ್ನು ರೂಪದ ಹಕ್ಕು. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕುವ ದಿನಕ್ಕಿಂತ ಮೊದಲು ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಸಾರ್ವಜನಿಕವಾಗಿ ಪ್ರಕಟವಾದ ಡಿಸೈನನ್ನು ನೋಂದಣಿ ಮಾಡುವಂತಿಲ್ಲ. ಗ್ವಾಂಗ್‌ಝೌನಲ್ಲಿ ಎವೋಕ್ ನಿಂತ ಹಾಗೆ ನಮ್ಮ ಯಂತ್ರ ಮೇಳದಲ್ಲಿ ನಿಂತಾಗಿತ್ತು. ಪ್ರದರ್ಶನಗಳಿಗೆ ಒಂದು ವಿನಾಯಿತಿ ಇದೆ, 21ನೇ ಸೆಕ್ಷನ್. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ಅದಕ್ಕೂ ಮೊದಲೇ ಕಂಟ್ರೋಲರ್‌ಗೆ ತಿಳಿಸಿರಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕೃಷಿ ಮೇಳಕ್ಕೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಯಂತ್ರ ಹೇರಿಕೊಂಡು ಹೋಗುವ ಯಾರು ಇದನ್ನು ಮಾಡ್ತಾರೆ?

ನೋಂದಣಿ ಇದ್ದಿದ್ದರೂ ಏನಾಗುತ್ತಿತ್ತು ಅಂತ ನೋಡಿ. 22ನೇ ಸೆಕ್ಷನ್ ಪ್ರಕಾರ ಕದ್ದವರು ಒಂದು ಉಲ್ಲಂಘನೆಗೆ 25,000 ರೂಪಾಯಿವರೆಗೆ ಕೊಡಬೇಕು. ಒಂದು ಡಿಸೈನಿಗೆ ಒಟ್ಟು 50,000 ದಾಟುವಂತಿಲ್ಲ. ಅದು ಬೇಡ ಅಂದರೆ ನಷ್ಟ ಪರಿಹಾರ ಮತ್ತು ತಡೆಯಾಜ್ಞೆಗೆ ದಾವೆ ಹಾಕಬಹುದು, ಆದರೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವಂತಿಲ್ಲ. ಎದುರಾಳಿ "ಈ ನೋಂದಣಿಯೇ ಸರಿಯಿಲ್ಲ" ಅಂತ ತಕರಾರು ತೆಗೆದರೆ ಸಾಕು, ಕೇಸು ಹೈಕೋರ್ಟಿಗೆ ವರ್ಗ ಆಗುತ್ತೆ. ಶಿಕಾರಿಪುರದಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಆ ತಕರಾರನ್ನು ಯಾವ ವಕೀಲರು ತೆಗೆಯದೆ ಬಿಡ್ತಾರೆ? 50,000ದ ಮಿತಿ 2000ದಲ್ಲಿ ಬರೆದದ್ದು, ಇವತ್ತಿಗೆ ಅದು ಒಂದು ಯಂತ್ರದ ಬೆಲೆಯೂ ಅಲ್ಲ. ಈ ಒಂದು ಸಂಖ್ಯೆಯ ಬಗ್ಗೆ ನಮ್ಮ ಜಿಲ್ಲೆಯ ರಾಜಕಾರಣಿಗಳು ಯಾರಾದರೂ ಮಾತಾಡಿದ್ದು ನಾನು ಕೇಳಿಲ್ಲ. ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಅಂತ ಮಾತ್ರ ಬೇಕಾದಷ್ಟು ಸಲ ಕೇಳಿದ್ದೇನೆ.

ಹೆಸರು ಕೆತ್ತಿದವರ ಊರು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವಾಗ ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳಲ್ಲಿ ಕೆಲವಕ್ಕೆ ಕೆತ್ತಿದವರ ಹೆಸರಿದೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ ಈ ಬಳ್ಳಿಗಾವಿಯವರು. ಬರೀ ಹೆಸರಲ್ಲ, ಊರು, ಬಿರುದು, ಎದುರಾಳಿ ಶಿಲ್ಪಿಗಳನ್ನು ಮೀರಿಸಿದವರು ತಾವು ಅನ್ನೋ ಪೊಗರು ಎಲ್ಲಾ ಕಲ್ಲಿನ ಮೇಲೇ ಇದೆ. ಒಂಬೈನೂರು ವರ್ಷದ ಹಿಂದಿನ ಶಿಲ್ಪಿಗೆ ತನ್ನ ಕೆಲಸಕ್ಕೆ ತನ್ನ ಗುರುತು ಇರಬೇಕು ಅನಿಸಿತ್ತು.

ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಆದರೆ ಅವರ ಪೆಟ್ಟಿಗೆ, ವಿಗ್ರಹದ ಮೇಲೆ ಹೆಸರು ಇರಲ್ಲ. ಬಳ್ಳಿ, ಹೂವು, ಆನೆಯ ಮಾದರಿಗಳು ಮನೆತನದಿಂದ ಮನೆತನಕ್ಕೆ ಬಂದವು, ಒಬ್ಬರ ಸೊತ್ತಲ್ಲ. ಈಗ ಫೋಟೊ ಒಂದಿದ್ದರೆ ಸಿಎನ್‌ಸಿ ರೌಟರ್ ಆ ಬಳ್ಳಿಯನ್ನು ಯಾವುದೋ ಮರದಲ್ಲಿ ಗಂಟೆಗಳಲ್ಲಿ ಕೊರೆದು ಕೊಡುತ್ತೆ. ಇಲ್ಲಿ ಕಾನೂನು ಇನ್ನೂ ತೊಡಕು. ಕೈಯಲ್ಲಿ ಬರೆದ ಅಥವಾ ಕೆತ್ತಿದ ಸ್ವಂತ ಕಲೆಗೆ ಕಾಪಿರೈಟ್ ತಾನಾಗೇ ಬರುತ್ತದೆ, ನೋಂದಣಿ ಬೇಡ. ಆದರೆ 1957ರ ಕಾಪಿರೈಟ್ ಆಕ್ಟ್‌ನ 15ನೇ ಸೆಕ್ಷನ್ ಏನು ಹೇಳುತ್ತೆ ಅಂದರೆ, ಡಿಸೈನ್ ಆಗಿ ನೋಂದಾಯಿಸಬಹುದಾಗಿದ್ದನ್ನು ನೋಂದಾಯಿಸದೆ, ಹಕ್ಕುದಾರರೇ ಅಥವಾ ಅವರ ಒಪ್ಪಿಗೆ ಪಡೆದವರು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಕಾಪಿರೈಟ್ ಅಲ್ಲಿಗೆ ಮುಗಿಯಿತು. ಅಂದರೆ ಒಬ್ಬ ಕುಶಲಕರ್ಮಿ ನಾಲ್ಕು ಕಾಸು ಮಾಡಲು ತಾನೇ ಮಷೀನಿಗೆ ಕೊಟ್ಟು 51ನೇ ಪ್ರತಿ ತೆಗೆದ ದಿನ ತನ್ನ ಹಕ್ಕು ಕಳಕೊಳ್ಳಬಹುದು.

ಈ ಸೆಕ್ಷನ್ ಬಗ್ಗೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಯೋಗ್ಯಾಸ್ ವಿರುದ್ಧ ಐನಾಕ್ಸ್ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಅದೂ ಗಾಡಿಯ ಜಗಳವೇ, ದ್ರವರೂಪದ ನೈಸರ್ಗಿಕ ಅನಿಲ ಸಾಗಿಸುವ ಟ್ರೇಲರ್‌ಗಳ ಇಂಜಿನಿಯರಿಂಗ್ ಡ್ರಾಯಿಂಗ್ ಕದ್ದರು ಅಂತ. ಮೊದಲು ನೋಡಬೇಕಾದ್ದು ಅದು ಶುದ್ಧ ಕಲಾಕೃತಿಯೇ, ಅಥವಾ ಕಲಾಕೃತಿಯಿಂದ ಹುಟ್ಟಿ ಕೈಗಾರಿಕಾ ಪ್ರಕ್ರಿಯೆಗೆ ಒಳಗಾದ ಡಿಸೈನೇ ಅನ್ನೋದು. ಆಮೇಲೆ ಅದರ ಮುಖ್ಯ ಉದ್ದೇಶ ಉಪಯೋಗವೋ ಅಂದವೋ ಅನ್ನೋದು ಎಂದು ಕೋರ್ಟ್ ಹೇಳಿತು. ನಾನು ಮಾವನಿಗೆ ಹಾಕಿಕೊಟ್ಟ ಡ್ರಾಯಿಂಗ್ ಇನ್ನೂ ಇದೆ. ಈ ತೀರ್ಪು ಓದಿದಾಗ ಅದನ್ನು ಹುಡುಕಿ ತೆಗೆದೆ. ಅಂದ ಅಂತ ಹೇಳಿಕೊಳ್ಳೋಕೆ ಅದರಲ್ಲಿ ಮೂರು ಗೆರೆ ಮಾತ್ರ ಇದೆ.

'ಚೈನಾ ಮಾಲು' ಅನ್ನೋ ಸುಲಭದ ಬೈಗುಳ

2020ರ ಗಲ್ವಾನ್ ಘರ್ಷಣೆ ಆದ ಮೇಲೆ ಚೀನಾ ವಸ್ತು ಬಹಿಷ್ಕಾರದ ಮಾತು ಜೋರಾಯಿತು. ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಬೇಕು ಅನ್ನೋ ನಿಯಮ ಅದಕ್ಕೂ ಮೊದಲೇ, ಆ ಏಪ್ರಿಲ್‌ನಲ್ಲಿ ಬಂದಿತ್ತು. ಪುಣೆ ಹತ್ತಿರದ ತಳೇಗಾಂವ್‌ನ ಜನರಲ್ ಮೋಟಾರ್ಸ್ ಫ್ಯಾಕ್ಟರಿ ಕೊಳ್ಳಲು ಬಂದಿದ್ದ ಗ್ರೇಟ್ ವಾಲ್, ಅದೇ ಪೆರಿ ಕಾರಿನ ಕಂಪನಿ, ಅನುಮತಿ ಸಿಗದೆ 2022ರಲ್ಲಿ ವಾಪಸ್ ಹೋಯಿತು. ಗಡಿಯ ಪ್ರಶ್ನೆ ಬೇರೆ, ಅದನ್ನು ಇಲ್ಲಿ ಎಳೆಯಲ್ಲ. ಆದರೆ "ಅವರು ನಕಲಿಗಾರರು, ನಾವು ಪ್ರಾಮಾಣಿಕರು" ಅನ್ನೋದು ಇತಿಹಾಸ ಅಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಕ್ಕೆ ಉತ್ಪನ್ನ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿತು. ಬೇರೆ ದಾರಿಯಲ್ಲಿ ಅದೇ ಔಷಧ ಮಾಡುವುದು 2005ರವರೆಗೆ ಇಲ್ಲಿ ಕಾನೂನುಬದ್ಧವಾಗಿತ್ತು. ನಮ್ಮ ಔಷಧ ಉದ್ಯಮ ಬೆಳೆದದ್ದೇ ಹಾಗೆ, ಬಡವರಿಗೆ ಮಾತ್ರೆ ಸಿಕ್ಕಿದ್ದೂ ಹಾಗೇ. ನಾನು ಅದನ್ನು ತಪ್ಪು ಅನ್ನಲ್ಲ.

ನನಗೆ ಮುಖ್ಯ ಅನಿಸೋದು ನಕಲು ಮಾಡಿದವರು ಆಮೇಲೆ ಏನು ಕಲಿತರು ಅನ್ನೋದು. ಬಿವೈಡಿಯ ಮೊದಮೊದಲ ಎಫ್3 ಕಾರು ಟೊಯೋಟಾ ಕೊರೊಲಾ ಥರವೇ ಇತ್ತು. ಆಮೇಲೆ ಆ ಕಂಪನಿ ಆಡಿಯಲ್ಲಿ ಡಿಸೈನ್ ಮುಖ್ಯಸ್ಥನಾಗಿದ್ದ ವೂಲ್ಫ್‌ಗ್ಯಾಂಗ್ ಎಗ್ಗರ್‌ನನ್ನು ಕರೆತಂದಿತು, ಬ್ಯಾಟರಿ ತಾನೇ ಮಾಡಿತು, 2023ರ ಕೊನೆಯ ಮೂರು ತಿಂಗಳಲ್ಲಿ ಎಲೆಕ್ಟ್ರಿಕ್ ಕಾರು ಮಾರಾಟದಲ್ಲಿ ಟೆಸ್ಲಾವನ್ನು ದಾಟಿತು. ಲ್ಯಾಂಡ್‌ವಿಂಡ್ ಬೇರೆಯವರ ಚರ್ಮ ಹೊದ್ದುಕೊಂಡಿತು ಅಷ್ಟೇ, ಈಗ ಅದರ ಸುದ್ದಿಯೇ ಇಲ್ಲ. ಚೀನಾ 2021ರ ಜೂನ್‌ನಿಂದ ಡಿಸೈನ್ ಪೇಟೆಂಟ್ ಅವಧಿಯನ್ನು 10ರಿಂದ 15 ವರ್ಷಕ್ಕೆ ಏರಿಸಿದೆ. ವಸ್ತುವಿನ ಒಂದು ಭಾಗದ ರೂಪಕ್ಕೂ ರಕ್ಷಣೆ ಕೊಟ್ಟಿದೆ. ಈಗ ಅವರಿಗೆ ಕಾಪಾಡಿಕೊಳ್ಳೋಕೆ ಸ್ವಂತದ್ದು ಇದೆ.

ಮಾವ ಕೇಸು ಹಾಕಲಿಲ್ಲ. ಎರಡು ಸುಗ್ಗಿ ಆ ಯಂತ್ರ ಮಾಡೋದನ್ನೇ ಬಿಟ್ಟಿದ್ದರು. ಈ ವರ್ಷ ಮುಚ್ಚಳವನ್ನು ಪೂರ್ತಿ ಬದಲಿಸಿ, ಡ್ರಮ್ಮಿನ ಬಾಯಿಯನ್ನು ಶಂಖದ ಹಾಗೆ ತಿರುಚಿ ಹೊಸದು ಮಾಡಿದ್ದಾರೆ. ಮೇಳದವರು ಕರೆದಾಗ ಈ ಸಲ ನಾನು ತಡೆದೆ. "ಮೊದಲು ಅರ್ಜಿ, ಆಮೇಲೆ ಮೇಳ ಮಾವ." ಡಿಸೈನ್ ನೋಂದಣಿಗೆ ಒಬ್ಬ ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ಶುಲ್ಕ 1,000 ರೂಪಾಯಿ, ದೊಡ್ಡ ಕಂಪನಿಗಳಿಗೆ 4,000. ಫಾರ್ಮ್ 1 ತುಂಬಬೇಕು, ಎಲ್ಲಾ ಕಡೆಯಿಂದ ತೆಗೆದ ಫೋಟೊ ಇಡಬೇಕು, ಯಾವ ವರ್ಗ ಅಂತ ಬರೆಯಬೇಕು. ಕಳೆದ ಭಾನುವಾರ ವರ್ಕ್‌ಶಾಪಿನ ಹಿಂದೆ ಬಿಳಿ ಪಂಚೆ ಕಟ್ಟಿ ಅದರ ಮುಂದೆ ಯಂತ್ರ ನಿಲ್ಲಿಸಿ ಫೋಟೊ ತೆಗೆದೆವು. ಈಗ ನಿಂತಿರುವುದು ವರ್ಗದ ಹತ್ತಿರ: ಕೃಷಿ ಯಂತ್ರ ಅಂದರೆ 15-03, ತೊಳೆಯುವ ಯಂತ್ರ ಅಂದರೆ 15-05. ಮಾವ ಕೃಷಿ ಅಂತಾರೆ, ಅತ್ತೆ "ತೊಳೆಯೋದು ತಾನೇ ಅದರ ಕೆಲಸ" ಅಂತಾರೆ.